ದಣಿಯದ ಯಂತ್ರ, ತಣಿಯದ ಮನಸ್ಸು



ಮನೆಗೆ ಹೊಸ ಸಾಧನವೊಂದು ಬಂದೊಡನೆ ಹಳೆಯದು ಅಟ್ಟ ಸೇರುವುದು ಲೋಕರೂಢಿ. ಬೀಸುವ ಕಲ್ಲು, ಒನಕೆ, ಎತ್ತಿನ ಗಾಣ, ಕಪಿಲೆಯ ರಾಟೆ ಇವೆಲ್ಲ ನಮ್ಮ ಕಣ್ಣೆದುರಿನಲ್ಲಿಯೇ ಒಂದೊಂದಾಗಿ ಹಿತ್ತಿಲಿಗೆ ಸರಿದುವು. ಅವುಗಳೊಡನೆ ಬಾಳಿದ ಜನ ಹೊಸತಿಗೆ ಎಷ್ಟು ಬೇಗ ಪಳಗಿದರೆಂದರೆ, ಹಳೆಯದು ಇತ್ತೆಂಬ ನೆನಪೂ ಕೆಲವು ಮನೆಗಳಲ್ಲಿ ಉಳಿದಿಲ್ಲ. ಇದನ್ನು ಕಂಡು, ಮನುಷ್ಯನು ಎಂಥ ಬದಲಾವಣೆಗೂ ಹೊಂದಿಕೊಳ್ಳಬಲ್ಲನೆಂದು ನಾವೆಲ್ಲ ಸಮಾಧಾನ ಪಡುತ್ತೇವೆ. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಮ್ಮೊಡನೆ ಕುಳಿತು ವಿಚಾರಿಸಬೇಕೆಂದು ಈ ಲೇಖನ.

ಕನ್ನಡದಲ್ಲಿ ಒಗ್ಗುವುದು, ಹೊಂದುವುದು ಎಂಬ ಎರಡು ಮಾತುಗಳಿವೆ. ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅವುಗಳ ಅಂತರಂಗ ಬೇರೆ. ಒಗ್ಗುವುದು ದೇಹದ ಧರ್ಮ. ಪರಸ್ಥಳದ ನೀರು ಒಗ್ಗುತ್ತದೆ, ಚಳಿ ಒಗ್ಗುತ್ತದೆ, ಕೆಟ್ಟ ಚಟವೂ ಒಗ್ಗುತ್ತದೆ. ಹೊಂದುವುದಕ್ಕಾದರೋ ಎರಡು ಕಡೆಗಳು ಬೇಕು. ನೊಗಕ್ಕೆ ಹೂಡಿದ ಜೋಡೆತ್ತುಗಳು ಒಂದಕ್ಕೊಂದು ಹೊಂದಬೇಕು. ಮನೆಗೆ ಬಂದ ಸೊಸೆಯೂ ಮನೆಯವರೂ ಪರಸ್ಪರ ಹೊಂದಬೇಕು. ಹೊಂದುವಾಗ ಎರಡು ಕಡೆಯವರೂ ಏನನ್ನಾದರೂ ಬಿಟ್ಟುಕೊಡುತ್ತಾರೆ, ಹೊಸ ಹೊಣೆಯೊಂದನ್ನು ಹೊರುತ್ತಾರೆ. ಒಗ್ಗುವಾಗ ಯಾರೂ ಯಾವುದನ್ನೂ ವಿಚಾರಿಸುವುದಿಲ್ಲ. ಯಂತ್ರಗಳಿಗೆ ನಾವು ಒಗ್ಗಿದ್ದೇವೆ ಎಂಬುದರಲ್ಲಿ ಸಂದೇಹವಿಲ್ಲ. ಹೊಂದಿದ್ದೇವೆಯೇ? ಈ ಪ್ರಶ್ನೆಯನ್ನು ಗಾಳಿಯಲ್ಲಿ ಬಿಡದೆ, ನಮ್ಮ ಬಯಲುಸೀಮೆಯ ಪ್ರತಿಯೊಬ್ಬರ ಬಾಳಿಗೂ ತಾಗಿದ ಒಂದು ವಿಷಯದ ಮೇಲೆ ಇಟ್ಟು ನೋಡೋಣ. ಭೂಮಿಯಿಂದ ನೀರೆತ್ತುವ ಕೆಲಸವೇ ಆ ವಿಷಯ.

೧೯೭೮ರ ಸುಮಾರಿಗೆ ನಾವು ಎಂಟೊಂಬತ್ತು ವರ್ಷದ ಬಾಲಕರಾಗಿ ಮಠದ ಆಶ್ರಯಕ್ಕೆ ಬಂದಾಗ, ಮಠದ ತೋಟದ ಬಾವಿಯಲ್ಲಿ ಕಪಿಲೆ ಇನ್ನೂ ನಡೆಯುತ್ತಿತ್ತು. ಅದನ್ನು ಕಾಣದ ಇಂದಿನ ಮಕ್ಕಳಿಗಾಗಿ ಎರಡು ಮಾತು. ಬಾವಿಯ ಅಂಚಿನಲ್ಲಿ ಎರಡು ಕಂಬ, ನಡುವೆ ಒಂದು ರಾಟೆ. ರಾಟೆಯ ಮೇಲೆ ಹಾದುಹೋದ ಮಿಣಿಯ ಒಂದು ತುದಿಗೆ ತೊಗಲಿನ ದೊಡ್ಡ ಚೀಲ, ಇನ್ನೊಂದು ತುದಿಗೆ ಜೋಡೆತ್ತು. ಬಾವಿಯಿಂದ ಆಚೆಗೆ ಇಳಿಜಾರಾಗಿ ತೋಡಿದ ದಾರಿಯಲ್ಲಿ ಎತ್ತುಗಳು ಇಳಿದಂತೆ ಚೀಲ ತುಂಬಿಕೊಂಡು ಮೇಲೇರುವುದು. ಸೊಂಡಿಲಿನಂಥ ಅದರ ಬಾಯಿಯಿಂದ ನೀರು ತೊಟ್ಟಿಗೆ ಸುರಿದು, ಅಲ್ಲಿಂದ ಕಾಲುವೆ ಹಿಡಿದು ಮಡಿಗಳಿಗೆ ಹರಿಯುವುದು. ಬಳಿಕ ಎತ್ತುಗಳು ಹಿಮ್ಮೆಟ್ಟಿ ಏರಬೇಕು, ಚೀಲ ಕೆಳಗಿಳಿಯಬೇಕು. ಇಳಿಯುವಾಗ ಹೊಡೆಯುವವನು ಮಿಣಿಯ ಮೇಲೆ ಕುಳಿತು ತನ್ನ ಮೈಭಾರವನ್ನೂ ಎತ್ತುಗಳ ಬಲಕ್ಕೆ ಕೂಡಿಸುತ್ತಿದ್ದ. ಬೆಳಗಿನ ಜಾವದಲ್ಲಿ ಅವನು ಎತ್ತುವ ಹಾಡಿನ ದನಿಗೆ ನಾವು ಮಕ್ಕಳು ಎಚ್ಚರಗೊಂಡು ಸ್ನಾನಕ್ಕೆ ಓಡುತ್ತಿದ್ದೆವು.

ಆ ಬಾವಿಯ ಸುತ್ತ ಎಷ್ಟೋ ಕಾಯಕಗಳು ಹೆಣೆದುಕೊಂಡಿದ್ದುವು. ಚೀಲವನ್ನು ಹೊಲಿಯುವವರು, ಮಿಣಿಯನ್ನು ಹೊಸೆಯುವವರು, ರಾಟೆಯನ್ನು ಕಡೆಯುವ ಬಡಗಿ, ಅದರ ಅಚ್ಚಿಗೆ ಕಬ್ಬಿಣ ತೊಡಿಸುವ ಕಮ್ಮಾರ, ಇವರೆಲ್ಲರ ಕೈ ಕೂಡಿದ ಮೇಲೆ ಒಂದು ಮಡಿಗೆ ನೀರು. ಆದರೆ ಇಂದು ನೆನೆದರೆ ಅತ್ಯಂತ ಮುಖ್ಯವೆನಿಸುವುದು ಬೇರೊಂದು ಸಂಗತಿ. ಹೊತ್ತೇರುತ್ತಲೇ ಎತ್ತುಗಳು ದಣಿಯುತ್ತಿದ್ದುವು. ಕೊರಳು ಬಿಚ್ಚಿ ನೆರಳಿಗೆ ಕಟ್ಟಿದರೆ ಅವು ಮೆಲುಕು ಹಾಕುತ್ತಿದ್ದಷ್ಟು ಹೊತ್ತೂ ಬಾವಿಯೊಳಗೆ ಒರತೆಗಳು ಮೆಲ್ಲನೆ ನೀರನ್ನು ತುಂಬುತ್ತಿದ್ದುವು. ಎತ್ತಿನ ವಿಶ್ರಾಂತಿಯೇ ಬಾವಿಯ ವಿಶ್ರಾಂತಿಯೂ ಆಗಿತ್ತು. ಎಂಥ ಆಸೆಬುರುಕನಾದರೂ ತನ್ನ ಎತ್ತು ಎಳೆಯಬಲ್ಲುದಕ್ಕಿಂತ ಹೆಚ್ಚು ನೀರನ್ನು ಭೂಮಿಯಿಂದ ಕಸಿಯಲಾರದವನಾಗಿದ್ದ. ಬಾವಿಯ ನೀರು ಕೆಳಗಿಳಿದರೆ ಮಿಣಿ ಉದ್ದವಾಗಬೇಕು, ಎತ್ತುಗಳ ನಡಿಗೆ ಹೆಚ್ಚಬೇಕು. ನೀರು ಕಡಮೆಯಾದ ಸುದ್ದಿ ಅವನ ತೋಳಿಗೆ ಅಂದೇ ತಿಳಿಯುತ್ತಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ, ಕಳೆದ ಕಾಲವೇ ಚೆನ್ನಾಗಿತ್ತೆಂದು ಹಲುಬುವ ಉದ್ದೇಶ ನಮಗಿಲ್ಲ. ಹಾಗೆ ಹಲುಬುವವರು ಸಾಮಾನ್ಯವಾಗಿ ಮಿಣಿಯ ಮೇಲೆ ಕುಳಿತವರಲ್ಲ, ಜಗಲಿಯ ಮೇಲೆ ಕುಳಿತು ನೋಡಿದವರು. ಕಪಿಲೆ ಹೊಡೆಯುವವನ ಅಂಗೈಯನ್ನು ನಾವು ಕಂಡಿದ್ದೇವೆ. ಎತ್ತಿನ ಹೆಗಲ ಮೇಲಿನ ಹುಣ್ಣನ್ನೂ ಕಂಡಿದ್ದೇವೆ. ಹಾಡು ಇಂಪಾಗಿತ್ತು ನಿಜ. ಆ ಹಾಡು ಹುಟ್ಟಿದುದು ದಣಿವನ್ನು ಮರೆಯುವುದಕ್ಕಾಗಿ. ಚೀಲವನ್ನು ಹೊಲಿದುಕೊಟ್ಟವನ ಕೈಯಿಂದ ಎತ್ತಿದ ನೀರಿಗೆ ಬಾರದ ಮೈಲಿಗೆ, ಅವನೇ ಬಾವಿಯ ಮೆಟ್ಟಿಲಿಳಿದರೆ ಬರುತ್ತಿದ್ದ ಕಾಲವೂ ಅದೇ. ಶರಣರ ಹೆಸರು ಹೇಳುವ ನಾವು ಅದನ್ನು ಮರೆಮಾಚಿ ಹಳೆಯದನ್ನು ಹೊಗಳಲಾಗದು.

ಕುಡಿಯುವ ನೀರಿನ ವಿಷಯದಲ್ಲಂತೂ ಯಂತ್ರದ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ಹೆಸರು ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮೆಟ್ಟಿಲುಬಾವಿಗೆ ಕಾಲಿಟ್ಟು ನೀರು ತುಂಬುವಾಗ ರೋಗಿಯ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರಿ, ಆ ನೀರನ್ನು ಕುಡಿದವರ ಮೈಯಲ್ಲಿ ವರ್ಷ ಕಳೆಯುವುದರೊಳಗೆ ದಾರದಂಥ ಉದ್ದನೆಯ ಹುಳುವಾಗಿ ಹೊರಬರುತ್ತಿದ್ದುವು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಬಿತ್ತನೆಯ ಕಾಲವನ್ನೇ ಕಳೆದುಕೊಂಡ ರೈತರೆಷ್ಟೋ. ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಿ, ಕೊಳವೆಬಾವಿಗಳಿಗೆ ಕೈಪಂಪುಗಳನ್ನು ಕೂಡಿಸಿ, ನೀರನ್ನು ಸೋಸಿ ಕುಡಿಯಲು ಮನೆಮನೆಗೆ ಕಲಿಸಿದುದರ ಫಲವಾಗಿ ಆ ರೋಗ ಹಿಮ್ಮೆಟ್ಟಿತು. ದೇಶದಲ್ಲಿ ಕೊನೆಯ ರೋಗಿ ಕಂಡುದು ೧೯೯೬ರಲ್ಲಿ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಆ ಕೈಪಂಪಿನ ಹಿಂದೆ ಒಂದು ಸ್ವಾರಸ್ಯವಿದೆ. ೧೯೬೭ರ ಬರಗಾಲದ ಹೊತ್ತಿಗೆ ಯುನಿಸೆಫ್ ಸಂಸ್ಥೆ ಗಟ್ಟಿ ಬಂಡೆಯನ್ನೂ ಕೊರೆಯಬಲ್ಲ ಯಂತ್ರಗಳನ್ನು ನಮ್ಮ ದೇಶಕ್ಕೆ ತರಿಸಿತು. ಆದರೆ ಕೊರೆದ ಬಾವಿಗಳಿಗೆ ಕೂಡಿಸಿದ ಪಂಪುಗಳು ಹಳ್ಳಿಯ ಬಳಕೆಗೆ ತಾಳಲಿಲ್ಲ. ಆಗ ಆಧಾರವಾದುದು ಸೊಲ್ಲಾಪುರದಲ್ಲಿ ರೂಪುಗೊಂಡಿದ್ದ ಒಂದು ಗಟ್ಟಿಮುಟ್ಟಾದ ಪಂಪು. ಅದನ್ನೇ ತಿದ್ದಿ ಎಪ್ಪತ್ತರ ದಶಕದ ಕೊನೆಗೆ ಇಂಡಿಯಾ ಮಾರ್ಕ್ ಎರಡು ಎಂಬ ಕೈಪಂಪು ಸಿದ್ಧವಾಯಿತು; ಅದು ದೇಶದ ಊರೂರಿಗೂ ಮುಟ್ಟಿ, ಕಡಲಾಚೆಗೂ ಹೋಯಿತು. ಸೊಲ್ಲಾಪುರವೆಂದರೆ ಹನ್ನೆರಡನೆಯ ಶತಮಾನದ ಸೊನ್ನಲಿಗೆ. ಕೆರೆ ಕಟ್ಟಿಸುವುದನ್ನೇ ಕಾಯಕವಾಗಿ ಕೈಗೊಂಡ ಸಿದ್ಧರಾಮೇಶ್ವರರ ನೆಲ. ಅವರು ಗುದ್ದಲಿಯಿಂದ ಮಾಡಿಸಿದ ಜೀವದಯೆಯ ಕಾರ್ಯವನ್ನು ಎಂಟು ಶತಮಾನಗಳ ನಂತರ ಅದೇ ಊರಿನ ಯಂತ್ರವೊಂದು ಮುಂದುವರಿಸಿತೆಂದರೆ ಅದನ್ನು ಶರಣರು ಒಪ್ಪುತ್ತಿರಲಿಲ್ಲವೆಂದು ಹೇಳಲು ನಮಗೆ ಧೈರ್ಯವಿಲ್ಲ.

ಯಂತ್ರವನ್ನು ಕುರಿತ ಅಂಜಿಕೆ ಹೊಸದೂ ಅಲ್ಲ. ಪ್ರಾಚೀನ ಚೀನಾದ ತತ್ತ್ವಜ್ಞ ಝುವಾಂಗ್ ತ್ಸುವಿನ ಹೆಸರಿನ ಗ್ರಂಥದಲ್ಲಿ ಒಂದು ಕಥೆ ಬರುತ್ತದೆ. ಮುದುಕನೊಬ್ಬ ಬಾವಿಗೆ ಇಳಿದು ಮಡಕೆಯಲ್ಲಿ ನೀರು ತುಂಬಿ ತಂದು ತೋಟಕ್ಕೆ ಹಾಕುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಕನ್‌ಫ್ಯೂಷಿಯಸ್ಸನ ಶಿಷ್ಯ, ಏತವೆಂಬ ಸಾಧನವಿದೆ, ಅಲ್ಪ ಶ್ರಮದಿಂದ ದಿನಕ್ಕೆ ನೂರು ಮಡಿಗೆ ನೀರುಣಿಸಬಹುದೆಂದು ಸಲಹೆ ಕೊಟ್ಟ. ಯಂತ್ರ ಹೊಕ್ಕಲ್ಲಿ ಯಂತ್ರದ ಚಿಂತೆ ಹೊಗುತ್ತದೆ, ಯಂತ್ರದ ಚಿಂತೆ ಹೊಕ್ಕಲ್ಲಿ ಹೃದಯವೇ ಯಂತ್ರವಾಗುತ್ತದೆ. ಏತ ತನಗೆ ತಿಳಿಯದ್ದಲ್ಲ, ಬಳಸಲು ನಾಚಿಕೆ ಎಂಬುದು ಮುದುಕನ ಉತ್ತರದ ಸಾರ.

ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಈ ಕಥೆ ನಮ್ಮನ್ನು ಬಹುವಾಗಿ ಸೆಳೆದಿತ್ತು. ಈಗ ವಯಸ್ಸಾದ ಮೇಲೆ ಅದರಲ್ಲಿ ಎರಡು ಮಾತು ಕಾಣುತ್ತವೆ. ಮೊದಲನೆಯದು, ನಾವು ಪುರಾತನವೆಂದು ಗೌರವಿಸುವ ಏತವೇ ಆ ಮುದುಕನ ಕಣ್ಣಿಗೆ ಕೇಡಿನ ಯಂತ್ರವಾಗಿತ್ತು. ಅಂದಮೇಲೆ ಇಂತಿಷ್ಟು ವರ್ಷ ಹಿಂದಿನದು ಸಂಪ್ರದಾಯ, ಅಲ್ಲಿಂದೀಚಿನದು ಅನಾಚಾರ ಎಂದು ಗೆರೆ ಎಳೆಯಲು ಬರುವಂತಿಲ್ಲ. ಎರಡನೆಯದು, ಮುದುಕನ ಭಯವಿದ್ದುದು ಮರದ ಏತದ ಮೇಲಲ್ಲ, ಹೃದಯದ ಮೇಲೆ. ಹೃದಯ ಎಚ್ಚರವಾಗಿದ್ದರೆ ಏತದಿಂದ ಅವನಿಗೆ ಏನು ಹಾನಿಯಾಗುತ್ತಿತ್ತು? ಹೃದಯ ನಿದ್ರಿಸಿದ್ದರೆ ಮಡಕೆಯಾದರೂ ಅವನನ್ನು ಎಷ್ಟು ಕಾಲ ಕಾಯುತ್ತಿತ್ತು?

ನಮ್ಮ ನಾಡಿನಲ್ಲಿ ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ಅದು ನಮ್ಮ ಮಠದ ಬಾವಿಗೆ ಬಂದುದು ೧೯೮೩ರಲ್ಲಿ. ಹಿರಿಯ ಗುರುಗಳು ಪಂಪಿಗೆ ವಿಭೂತಿ ಹಚ್ಚಿ ಗುಂಡಿಯೊತ್ತಿದಾಗ, ನಾಲ್ಕು ಇಂಚಿನ ಕೊಳವೆಯಿಂದ ಚಿಮ್ಮಿದ ನೀರಿಗೆ ಮಕ್ಕಳೆಲ್ಲ ತಲೆಯೊಡ್ಡಿದೆವು. ಕಪಿಲೆ ಹೊಡೆಯುತ್ತಿದ್ದವರೂ ಅಂದು ನಕ್ಕರು. ಎರಡು ದಿನದ ಕೆಲಸ ಎರಡು ಗಂಟೆಗೆ ಮುಗಿಯಿತು. ಉಳಿದ ಹೊತ್ತಿನಲ್ಲಿ ಮನುಷ್ಯ ಓದಬಹುದು, ಭಜಿಸಬಹುದು, ಹೆಂಡಿರುಮಕ್ಕಳೊಡನೆ ಕೂರಬಹುದು ಎಂದುಕೊಂಡೆವು. ಆದುದೇ ಬೇರೆ. ಉಳಿದ ಹೊತ್ತಿನಲ್ಲಿ ಇನ್ನೊಂದು ಎಕರೆಗೆ ನೀರು ಹರಿಸಿದೆವು. ರಾಗಿ ಜೋಳದ ಜಾಗಕ್ಕೆ ನೀರು ಬಯಸುವ ಬೆಳೆ ಬಂತು. ಹಳ್ಳದ ಬದಿಯಲ್ಲಿ ಮಾತ್ರ ಇದ್ದ ಅಡಿಕೆ ತೋಟ ಒಣನೆಲಕ್ಕೂ ಏರಿತು. ಬಾವಿ ಬತ್ತಿದಾಗ ಬಾವಿಯೊಳಗೇ ಕೊರೆದೆವು. ಅದೂ ಬತ್ತಿದಾಗ ಹೊರಗೆ ಕೊಳವೆಬಾವಿ ಕೊರೆಸಿದೆವು.

ಇಲ್ಲಿ ನೆಲದ ಸ್ವಭಾವವನ್ನು ತುಸು ತಿಳಿಯಬೇಕು. ಕರ್ನಾಟಕದ ಬಹುಭಾಗ ಗಟ್ಟಿ ಶಿಲೆಯ ನಾಡು. ಮೇಲಿನ ಸಡಿಲ ಪದರ ಸ್ಪಂಜಿನಂತೆ ಮಳೆನೀರನ್ನು ಹೀರಿ ಹಿಡಿಯುತ್ತದೆ. ತೆರೆದ ಬಾವಿಗಳು ಆ ಪದರದ ನೀರನ್ನು ಉಣ್ಣುತ್ತಿದ್ದುವು. ಅದರ ಕೆಳಗಿರುವುದು ಬಂಡೆ. ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು. ನೂರಾರು ಅಡಿ ಆಳದ ಆ ನೀರು ಒಂದು ಮಳೆಗಾಲದಲ್ಲಿ ಸಂಗ್ರಹವಾದುದಲ್ಲ. ತೆಗೆದರೆ ಮರುವರ್ಷವೇ ಮರಳುವಂಥದೂ ಅಲ್ಲ. ಮೇಲಿನದು ದಿನದ ದುಡಿಮೆಯಾದರೆ ಕೆಳಗಿನದು ಹಿರಿಯರ ಇಡುಗಂಟು. ಇಂದು ಕೋಲಾರದಂಥ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿ ಕೊರೆಯುತ್ತಿದ್ದಾರೆ. ಆ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ೨೦೧೮ರಿಂದ ಹರಿಸುವ ಸ್ಥಿತಿ ಬಂದಿದೆ. ಅಮೆರಿಕ, ಚೀನಾ ಎರಡೂ ದೇಶಗಳು ಕೂಡಿ ಎತ್ತುವುದಕ್ಕಿಂತ ಹೆಚ್ಚು ಅಂತರ್ಜಲವನ್ನು ಭಾರತವೊಂದೇ ಎತ್ತುತ್ತಿದೆ. ಇಡುಗಂಟನ್ನು ಒಡೆದು ದಿನಸಿ ಕೊಳ್ಳುವ ಮನೆ ಎಷ್ಟು ದಿನ ಬಾಳೀತು?

ಯಂತ್ರ ನಮ್ಮ ದಣಿವನ್ನು ಕೊಂಡೊಯ್ದಿತೆಂದು ನಾವು ಹಿಗ್ಗಿದೆವು. ದಣಿವಿನ ಮಡಿಲಲ್ಲಿ ಮಿತಿಯೂ ಮಲಗಿತ್ತು. ಅದೂ ಜೊತೆಗೇ ಹೋದುದನ್ನು ಗಮನಿಸಲಿಲ್ಲ. ಈಗ ಸ್ವಯಂಚಾಲಿತ ಸ್ಟಾರ್ಟರಿನ ಕಾಲ. ನಡುರಾತ್ರಿ ಕರೆಂಟು ಬಂದರೆ ಪಂಪು ತಾನಾಗಿ ತಿರುಗುತ್ತದೆ. ಒಡೆಯ ಮಲಗಿರುತ್ತಾನೆ, ನೀರು ಮಡಿ ತುಂಬಿ ದಾರಿಗೆ ಹರಿಯುತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ೧೦ ಅಶ್ವಶಕ್ತಿವರೆಗಿನ ಕೃಷಿ ಪಂಪುಗಳಿಗೆ ವಿದ್ಯುತ್ತು ಉಚಿತವಾದುದರಿಂದ ಜೇಬೂ ಎಚ್ಚರಿಸುವುದಿಲ್ಲ. ಇದು ರೈತನ ಮೇಲಿನ ದೂರಲ್ಲ. ಬೆಲೆ ಸಿಗದ ಬೆಳೆ ಬೆಳೆಯುವವನಿಗೆ ಆ ನೆರವು ಬೇಕಾಗಿಯೇ ಇದೆ. ಹೇಳಬೇಕಾದುದು ಇಷ್ಟೆ: ಎತ್ತು ಹೇಳುತ್ತಿದ್ದ ‘ಸಾಕು’ ಎಂಬ ಮಾತನ್ನು ಈಗ ತೋಳು ಹೇಳದು, ಜೇಬು ಹೇಳದು, ಯಂತ್ರವಂತೂ ಹೇಳಲೇ ಹೇಳದು. ಅದನ್ನು ಹೇಳಬೇಕಾದುದು ಮನಸ್ಸು. ಆ ಮನಸ್ಸಿಗೆ ಅಭ್ಯಾಸವಿಲ್ಲ. ಏಕೆಂದರೆ ಅಲ್ಲಿಯವರೆಗೆ ಅದರ ಪರವಾಗಿ ದೇಹವೇ ಹೇಳುತ್ತಿತ್ತು.

ಉಪದೇಶಿಸುವವನು ತನ್ನ ಲೆಕ್ಕವನ್ನು ಮೊದಲು ಒಪ್ಪಿಸಬೇಕು. ಕೊಳವೆಬಾವಿ ಕೊರೆಯುವ ಮುನ್ನ ಸ್ವಾಮಿಗಳಿಂದ ಪೂಜೆ ಮಾಡಿಸುವುದು ನಮ್ಮ ಭಾಗದ ಪದ್ಧತಿ. ತಿರುಚೆಂಗೋಡಿನ ಲಾರಿ ಬಂದು ನಿಲ್ಲುತ್ತಿತ್ತು. ತೆಂಗಿನಕಾಯಿ ಹಿಡಿದು ನೀರು ನೋಡುವವರು ಗುರುತು ಮಾಡುತ್ತಿದ್ದರು. ನಾವು ಹೋಗಿ ಕಾಯಿ ಒಡೆದು, ಗಂಗೆ ಒಲಿಯಲೆಂದು ಹರಸಿ ಬರುತ್ತಿದ್ದೆವು. ಹೀಗೆ ಹರಸಿದ ಬಾವಿಗಳು ಎಷ್ಟೋ. ಪಕ್ಕದ ಹೊಲದವನ ಬಾವಿ ಎಷ್ಟು ದೂರದಲ್ಲಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಗಂಗೆಯನ್ನು ಕರೆದೆವು, ಅವಳು ಯಾರ ಮನೆಯಿಂದ ಎದ್ದು ಬರಬೇಕೆಂಬುದನ್ನು ವಿಚಾರಿಸಲಿಲ್ಲ.

೨೦೧೬ರ ಬರದಲ್ಲಿ ಮಠದ ಪ್ರಸಾದನಿಲಯದ ನಾಲ್ಕುನೂರು ಮಕ್ಕಳಿಗೆ ನೀರು ಸಾಲದಾಯಿತು. ಏಳುನೂರು ಅಡಿಗೆ ಕೊರೆಸಿದೆವು. ಒಳ್ಳೆಯ ನೀರು ಬಂತು. ಮಕ್ಕಳ ಬಾಯಾರಿಕೆಗೆಂದು ಕೊರೆಸಿದ ಬಾವಿಯಿಂದ ತೋಟಕ್ಕೂ ಕೊಳವೆ ಎಳೆದೆವು. ನೀರು ಇತ್ತು, ಯಂತ್ರವಿತ್ತು, ಕೇಳುವವರಿರಲಿಲ್ಲ. ಎರಡು ಬೇಸಗೆ ಕಳೆದ ಮೇಲೆ ಮಠದ ತೋಟದ ಬದುವಿಗೆ ಹೊಂದಿಕೊಂಡ ಹೊಲದ ಭಕ್ತರೊಬ್ಬರು ದರ್ಶನಕ್ಕೆ ಬಂದರು. ಅವರದು ಅಜ್ಜನ ಕಾಲದ ತೆರೆದ ಬಾವಿ; ಎಂದೂ ತಳ ಕಾಣದ್ದೆಂದು ಹೆಸರಾಗಿತ್ತು. ಕುಶಲ ವಿಚಾರಿಸಿದಾಗ ಅವರು ದೂರಲಿಲ್ಲ. “ಏನಿಲ್ಲ ಬುದ್ಧಿ, ನಮ್ಮ ಬಾವೀಲಿ ಪಾರಿವಾಳ ಗೂಡು ಕಟ್ಟವೆ” ಎಂದರು. ಪಾದಕ್ಕೆರಗಿ, ಪ್ರಸಾದ ಸ್ವೀಕರಿಸಿ ಹೊರಟುಹೋದರು.

ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಬಾವಿ ಬತ್ತಿದುದಕ್ಕೆ ಮಠದ ಕೊಳವೆಬಾವಿಯೇ ಕಾರಣವೆಂದು ಭೂವಿಜ್ಞಾನಿ ಬರೆದುಕೊಡಲಾರನೇನೋ. ಸುತ್ತ ಕೊರೆದವರು ನಾವೊಬ್ಬರೇ ಅಲ್ಲ, ಬರವೂ ಇತ್ತು. ಆದರೆ ಕಾಯಕದ ಮಾತು, ದಾಸೋಹದ ಮಾತು ಆಡುವ ಪೀಠದಲ್ಲಿ ಕುಳಿತವನಿಗೆ ಆ ಸಂದೇಹದ ಲಾಭ ಸಲ್ಲದು. ನೀರು ನಮಗೆ ಬರಿಯ ಪದಾರ್ಥವಲ್ಲ; ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಅಂಗೈಯಲ್ಲಿ ತೆಗೆದುಕೊಂಡ ಪಾದೋದಕದ ಒಂದು ಹನಿ ನೆಲಕ್ಕೆ ಬಿದ್ದರೆ ನೊಂದುಕೊಳ್ಳುವ ನಾವು, ಅದೇ ನೀರು ನಾಲ್ಕು ಇಂಚಿನ ಕೊಳವೆಯಲ್ಲಿ ರಾತ್ರಿಯೆಲ್ಲ ಹರಿದುಹೋದರೆ ನಿಶ್ಚಿಂತೆಯಿಂದ ನಿದ್ರಿಸುತ್ತೇವೆ. ಯಾವ ಅಂಗೈಗೆ ನಿಷ್ಠೆಯನ್ನು ಕಲಿಸಿದ್ದೇವೋ ಆ ಅಂಗೈಗೇ ಕೆಲಸವಿಲ್ಲವಾಗಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ತಾವೆಲ್ಲ ಕೇಳಿದ್ದೀರಿ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಮಾರಯ್ಯ ಸಂತೋಷದಿಂದ ಅಷ್ಟನ್ನೂ ಆಯ್ದು ತಂದ. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಇದು ನಮ್ಮ ನಿತ್ಯದ ಅಳತೆಯಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಕಳವಿನ ಅಕ್ಕಿಯಲ್ಲ, ಬೇಡಿದ ಅಕ್ಕಿಯಲ್ಲ, ದುಡಿದೇ ತಂದ ಅಕ್ಕಿ. ಆದರೂ ಆಕೆ ಅದರಲ್ಲಿ ಆಸೆಯ ವಾಸನೆಯನ್ನು ಕಂಡಳು. ಬಿದ್ದಿದೆ ಎಂಬುದು ಆಯುವುದಕ್ಕೆ ಕಾರಣವಲ್ಲ. ಬೇಕಾಗಿದೆ ಎಂಬುದೇ ಕಾರಣವೆಂಬುದು ಆ ತಾಯಿಯ ನಿಲುವು. ತೆಗೆದುಕೊಳ್ಳುವ ಶಕ್ತಿ ಬಂದೊಡನೆ ತೆಗೆದುಕೊಳ್ಳುವ ಅಧಿಕಾರವೂ ಬಂತೆಂದು ಭಾವಿಸುವ ನಮ್ಮ ಕಾಲಕ್ಕೆ ಇದಕ್ಕಿಂತ ಹಿರಿದಾದ ಪಾಠ ಇನ್ನಾವುದಿದೆ? ಯಂತ್ರವೆಂಬುದು ಅಂಗಳದ ತುಂಬ ಚೆಲ್ಲಿದ ಅಕ್ಕಿ. ಮಾರಯ್ಯನ ಕೈ ನಮಗೆಲ್ಲರಿಗೂ ಬಂದಿದೆ; ಹೊಸ್ತಿಲಲ್ಲಿ ನಿಂತು ಕೇಳುವ ಲಕ್ಕಮ್ಮ ನಮ್ಮೊಳಗೆ ಹುಟ್ಟಬೇಕಾಗಿದೆ.

ಈ ಮಾತು ಹೇಳಿದೊಡನೆ ತಮ್ಮಲ್ಲಿ ಒಕ್ಕಲುತನ ಮಾಡುವವರು ಒಂದು ಪ್ರಶ್ನೆ ಕೇಳುವಿರಿ: “ನಾನೊಬ್ಬ ಪಂಪು ನಿಲ್ಲಿಸಿದರೆ ಪಕ್ಕದವನು ನಿಲ್ಲಿಸುವನೆ? ನಾನು ಬಿಟ್ಟ ನೀರನ್ನು ಅವನು ಎಳೆದುಕೊಳ್ಳುವುದಿಲ್ಲವೆ?” ಇದು ಉಡಾಫೆಯ ಪ್ರಶ್ನೆಯಲ್ಲ; ನ್ಯಾಯವಾದ ಪ್ರಶ್ನೆ. ಅಕ್ಕಿಗೆ ಗಡಿಯುಂಟು, ನೆಲದೊಳಗಿನ ನೀರಿಗೆ ಬದುವಿಲ್ಲ. ಆದ್ದರಿಂದಲೇ ಇಲ್ಲಿ ಒಬ್ಬನ ವೈರಾಗ್ಯ ಸಾಲದು, ಊರಿನ ಒಡಂಬಡಿಕೆ ಬೇಕು. ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಕೆರೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳಲು ಊರೂರಿಗೂ ನೀರುಗಂಟಿಯನ್ನು ಇಟ್ಟಿದ್ದರು. ಗೌಡನ ಗದ್ದೆಗೂ ಬಡವನ ಗದ್ದೆಗೂ ತೂಬಿನ ಲೆಕ್ಕ ಒಂದೇ ಆಗಿರಬೇಕೆಂಬುದು ಆ ಕಾಯಕದ ಆದರ್ಶ. ಕೊಳವೆಬಾವಿ ಬಂದಾಗ ಪ್ರತಿಯೊಬ್ಬನಿಗೂ ಸ್ವಂತ ತೂಬು ಬಂತು. ನೀರುಗಂಟಿ ಮಾತ್ರ ಬರಲಿಲ್ಲ.

ಬರುವುದು ಸಾಧ್ಯವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನೆರೆಯ ಮಹಾರಾಷ್ಟ್ರದ ಅಹಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಎಂಬ ಹಳ್ಳಿ ಒಂದು ಕಾಲಕ್ಕೆ ಬರದಿಂದ ಗುಳೆ ಎದ್ದ ಊರು. ೧೯೯೦ರ ಸುಮಾರಿನಿಂದ ಪೋಪಟರಾವ್ ಪವಾರ್ ಅವರ ಮುಂದಾಳುತನದಲ್ಲಿ ಆ ಊರಿನವರು ಗುಡ್ಡಗಳಿಗೆ ಬದು ಹಾಕಿ ಮಳೆನೀರನ್ನು ತಡೆದರು. ಅದು ಅರ್ಧ ಕೆಲಸ. ಉಳಿದರ್ಧ ಅದಕ್ಕಿಂತ ಕಠಿನ. ಬೇಸಾಯಕ್ಕೆ ಕೊಳವೆಬಾವಿ ಬೇಡ, ಕಬ್ಬು ಬಾಳೆಯಂಥ ನೀರುಬಾಕ ಬೆಳೆ ಬೇಡ ಎಂದು ಗ್ರಾಮಸಭೆಯಲ್ಲಿ ಕೂಡಿ ನಿರ್ಧರಿಸಿದರು. ಪ್ರತಿವರ್ಷ ಬಿದ್ದ ಮಳೆಯನ್ನು ಅಳೆದು, ಇರುವ ನೀರಿನ ಲೆಕ್ಕ ಹಾಕಿ, ಯಾವ ಬೆಳೆ ಎಷ್ಟೆಂದು ಗೊತ್ತುಮಾಡುತ್ತಾರೆ. ಯಂತ್ರ ಅವರಿಗೂ ಸಿಗುತ್ತಿತ್ತು. ಅದರ ಅಳತೆಯನ್ನು ಅವರು ತಮ್ಮ ಕೈಯಲ್ಲಿಟ್ಟುಕೊಂಡರು. ಇದಕ್ಕೆ ಹೊಂದುವುದು ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿಯೂ ಅಂತರ್ಜಲ ನಿಯಂತ್ರಣಕ್ಕೆ ೨೦೧೧ರ ಕಾಯಿದೆಯಿದೆ. ೨೦೨೦ರಲ್ಲಿ ಜಾರಿಗೆ ಬಂದ ಅಟಲ್ ಭೂಜಲ ಯೋಜನೆ ಆಯ್ದ ತಾಲೂಕುಗಳ ಗ್ರಾಮ ಪಂಚಾಯಿತಿಗಳಿಗೆ ನೀರಿನ ಆಯವ್ಯಯ ಬರೆಯುವುದನ್ನು ಕಲಿಸಿದೆ. ಕಾಯಿದೆ ಕಾಗದದಲ್ಲಿ ಉಳಿಯುವುದೂ ಊರಿನಲ್ಲಿ ಇಳಿಯುವುದೂ ಊರವರ ಮನಸ್ಸಿನ ಮೇಲಿದೆ.

ಮಠದಲ್ಲಿ ನಾವು ಮಾಡಿದುದು ಅಲ್ಪ. ತೋಟಕ್ಕೆ ಎಳೆದ ಕೊಳವೆಯನ್ನು ಕಿತ್ತೆವು. ಅಡಿಕೆಯ ಅರ್ಧ ಭಾಗ ಒಣಗಿತು, ಅಲ್ಲಿ ಮತ್ತೆ ರಾಗಿ ಬಿತ್ತುತ್ತಿದ್ದೇವೆ. ಪ್ರಸಾದನಿಲಯದ ಮಾಳಿಗೆಯ ಮಳೆನೀರನ್ನು ಮರಳು ಜಲ್ಲಿಯಲ್ಲಿ ಸೋಸಿ ಹಳೆಯ ಕಪಿಲೆಬಾವಿಗೆ ಬಿಟ್ಟೆವು. ನೀರು ಸಿಗದೆ ಕೈಬಿಟ್ಟಿದ್ದ ಎರಡು ಕೊಳವೆಬಾವಿಗಳ ಬಾಯಿಯನ್ನು ಭದ್ರವಾಗಿ ಮುಚ್ಚಿಸಿದೆವು. ತೆರೆದ ಬಾಯಿಗೆ ಮಕ್ಕಳು ಬೀಳದಂತೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟು ೨೦೧೦ರಲ್ಲಿಯೇ ಹೇಳಿದ್ದರೂ ಅಷ್ಟು ವರ್ಷ ಅದು ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ. ೨೦೨೨ರ ಭಾರಿ ಮಳೆಯ ನಂತರ ಕಪಿಲೆಬಾವಿಯಲ್ಲಿ ನೀರು ನಿಂತಿತು. ಬದುವಿನಾಚೆಯ ಬಾವಿಯಲ್ಲಿಯೂ ಒರತೆ ಕಾಣಿಸಿತು. ಆದರೆ ಅದನ್ನು ನೋಡಲು ಆ ಭಕ್ತರು ಅಲ್ಲಿರಲಿಲ್ಲ. ಸಾಲ ಮಾಡಿ ಅವರೂ ಎರಡು ಕಡೆ ಕೊರೆಸಿ, ನೀರು ಕಾಣದೆ, ಎತ್ತುಗಳನ್ನು ಮಾರಿ ಮಗನೊಡನೆ ಬೆಂಗಳೂರು ಸೇರಿದ್ದರು. ಅಲ್ಲಿ ಒಂದು ವಸತಿ ಸಮುಚ್ಚಯದ ಬಾಗಿಲು ಕಾಯುತ್ತಾರೆ. ಜಾತ್ರೆಗೆ ಬಂದಾಗ ಬಾವಿಗೆ ನೀರು ಬಂದ ಸುದ್ದಿ ತಿಳಿಸಿದೆವು. “ಒಳ್ಳೇದಾತು ಬುದ್ಧಿ, ಯಾರಿಗಾದ್ರೂ ಆಗ್ತದೆ” ಎಂದರು. ವಿವೇಕ ತಡವಾಗಿ ಬಂದರೆ ಅದರ ಬೆಲೆಯನ್ನು ಬೇರೆಯವರು ತೆತ್ತಿರುತ್ತಾರೆಂಬುದನ್ನು ನಾವು ಕಲಿತುದು ಹೀಗೆ.

ಮಠದ ಹಳೆಯ ವಿದ್ಯಾರ್ಥಿಗಳಾದ ತಾವು ಇಂದು ಹೊಲದಲ್ಲಿದ್ದೀರಿ, ಕಚೇರಿಗಳಲ್ಲಿದ್ದೀರಿ, ಕಾರ್ಖಾನೆಗಳಲ್ಲಿದ್ದೀರಿ. ಕೆಲವರು ಹೊಸ ಯಂತ್ರಗಳನ್ನು ರೂಪಿಸುವ ಸ್ಥಾನದಲ್ಲಿಯೇ ಇದ್ದೀರಿ. ಹೊಸ ಸಾಧನವನ್ನು ಒಲ್ಲೆನೆನ್ನಿ ಎಂದು ನಾವು ಹೇಳುವುದಿಲ್ಲ. ಅದು ಹೊಸ್ತಿಲು ದಾಟುವ ಮುನ್ನ ಮೂರು ಮಾತು ಕೇಳಿ. ಇದು ಯಾರ ದಣಿವನ್ನು ಇಳಿಸುತ್ತದೆ? ಆ ದಣಿವಿ‍ನೊಡನೆ ಯಾವ ಮಿತಿಯನ್ನು ಕೊಂಡೊಯ್ಯುತ್ತದೆ? ಆ ಮಿತಿಯನ್ನು ಇನ್ನು ಮುಂದೆ ಯಾರು ಕಾಯಬೇಕು? ಮೊದಲನೆಯ ಪ್ರಶ್ನೆಯನ್ನು ಮಾರುವವನೇ ಕೇಳಿ ಉತ್ತರವನ್ನೂ ಕೊಡುತ್ತಾನೆ. ಉಳಿದೆರಡನ್ನು ಕೊಳ್ಳುವವನೇ ಕೇಳಿಕೊಳ್ಳಬೇಕು.

ಹಳ್ಳಿಯಲ್ಲಿರುವ ಭಕ್ತರಲ್ಲಿ ಒಂದು ಬೇಡಿಕೆಯೂ ಇದೆ. ಬರುವ ಯುಗಾದಿಯ ದಿನ, ನಿಮ್ಮ ಊರಿನ ಒಂದು ತೆರೆದ ಬಾವಿಗೆ ಗಂಟು ಹಾಕಿದ ಹಗ್ಗವನ್ನು ಇಳಿಬಿಟ್ಟು ನೀರು ಎಷ್ಟು ಕೆಳಗಿದೆಯೆಂದು ಅಳೆಯಿರಿ. ಅದನ್ನು ಬಾವಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿರಿ. ದೀಪಾವಳಿಗೆ ಮತ್ತೊಮ್ಮೆ ಅಳೆಯಿರಿ. ಹೊಸದಾಗಿ ಕೊರೆಸುವ ಮುನ್ನ ಪಕ್ಕದ ಹೊಲದವರನ್ನು ಕರೆದು ಮಾತನಾಡಿ. ಪೂಜೆಗೆ ನಮ್ಮನ್ನು ಕರೆಯಲು ಬಂದರೆ ನಾವೂ ಈಗ ಮೊದಲು ಅದನ್ನೇ ಕೇಳುತ್ತೇವೆ. ಅವರೂ ನಿಮ್ಮೊಡನೆ ಬಂದರೆ ಮಾತ್ರ ಕಾಯಿ ಒಡೆಯುತ್ತೇವೆ. ಇದರಿಂದ ಕೆಲವರಿಗೆ ಬೇಸರವಾಗಿದೆ, ಕೆಲವರು ಬೇರೆಡೆ ಹೋಗಿದ್ದಾರೆ. ಒಂದೆರಡು ಕಡೆ ಅಕ್ಕಪಕ್ಕದವರು ಕೂಡಿ, ಇಬ್ಬರಿಗೂ ಒಂದೇ ಬಾವಿ ಸಾಕೆಂದು ನಿರ್ಧರಿಸಿಕೊಂಡು ಬಂದುದೂ ಉಂಟು.

ಎತ್ತಿನ ಕೊರಳು ಬಿಚ್ಚುವ ಹೊತ್ತನ್ನು ಹಿಂದಿನವರು ನೆರಳು ನೋಡಿ ತಿಳಿಯುತ್ತಿದ್ದರು. ಯಂತ್ರದ ಗುಂಡಿಯನ್ನು ಆರಿಸುವ ಹೊತ್ತನ್ನು ನಾವು ಒಳಗೆ ನೋಡಿ ತಿಳಿಯಬೇಕಾಗಿದೆ.